ಸರ್ಕಾರದ ಬೆಂಚಿನ ಮೇಲೆ ಅತ್ತೆಯ ಕಡುಬು

ಆಗೆಲ್ಲ ಹುಣಸೂರು ಕಡೆಯ ನಮ್ಮ ಕಟ್ಟೆಮಳಲವಾಡಿಯವರಿಗೆ ಪರದೇಶ ಅಂದರೆ ಕೊಡಗು. ತಿತಿಮತಿ ಕಾಡು ದಾಟಿದರೆ ಮಳೆ ಬೇರೆ, ಮಾತು ಬೇರೆ, ಊಟವೂ ಬೇರೆ. ಘಟ್ಟದ ಬಾಗಿಲಲ್ಲಿರುವ ವಿರಾಜಪೇಟೆಗೆ ನಾನು ಮೊದಲು ಹೋದದ್ದು ಮೂರನೇ ಕ್ಲಾಸಿನ ದಸರಾ ರಜದಲ್ಲಿ, ಅಜ್ಜಿಯ ಸೆರಗು ಹಿಡಿದು. ಅಲ್ಲಿ ಕೆಂಪತ್ತೆ ಇದ್ದಳು, ನನ್ನಪ್ಪನ ತಂಗಿ. ಮಾವನಿಗೆ ಮರ ಕೊಯ್ಯುವ ಮಿಲ್ಲಿನಲ್ಲಿ ಕೆಲಸ. ಮದುವೆಯಾಗಿ ಎಷ್ಟೋ ವರ್ಷವಾಗಿದ್ದರೂ ಅವರಿಗೆ ಮಕ್ಕಳಾಗಿರಲಿಲ್ಲ.

ಅಜ್ಜಿಯ ಮಡಿಲಲ್ಲಿ ಒಂದು ಗಂಟು, ಅದರಲ್ಲಿ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಮಗಳಿಗೆ ಮಗುವಾಗುವ ತನಕ ಹೆತ್ತವರು ಅವಳ ಮನೆಯಲ್ಲಿ ತುತ್ತು ಮುಟ್ಟಬಾರದು ಎಂಬುದು ನಮ್ಮಲ್ಲಿನ ಕಟ್ಟುಪಾಡು. ಅಜ್ಜಿ ಅದರಲ್ಲಿ ಬಲು ಗಟ್ಟಿ, ನೀರೂ ಕುಡಿಯುತ್ತಿರಲಿಲ್ಲ. ಪುಣ್ಯಕ್ಕೆ ನನಗೆ ಆ ತಡೆ ಇರಲಿಲ್ಲ.

ಊರು ನೋಡಲು ನನಗೆ ಎರಡು ಕಣ್ಣು ಸಾಲದು. ಹತ್ತಿ ಇಳಿಯುವ ಬೀದಿ, ಎತ್ತರದ ಚರ್ಚು, ಮಂಜು ಮುಚ್ಚಿದ ಬೆಟ್ಟ, ಘಟ್ಟದ ಕೆಳಗಿನಿಂದ ಬಂದ ಒಣಮೀನಿನ ವಾಸನೆ. ಅತ್ತೆ ಕೈ ಹಿಡಿದು ಎಲ್ಲ ತೋರಿಸಿದಳು. "ನಮ್ಮಣ್ಣನ ಮಗಳು ಕಣ್ರೀ" ಎಂದು ಕೇಳದ ಅಂಗಡಿಯವರಿಗೂ ಹೇಳಿದಳು.

ಮಧ್ಯಾಹ್ನ ಕಡುಬು ಬೆಂದಿತು. ಅಲ್ಲಿಯವರಿಂದ ಕಲಿತ ಅಕ್ಕಿತರಿಯ ಉಂಡೆ ಕಡುಬು, ಜೊತೆಗೆ ಕೋಳಿಸಾರು. ಅಜ್ಜಿ ಜಗಲಿಗೆ ಹೋಗಿ ತನ್ನ ಗಂಟು ಬಿಚ್ಚಿದಳು. ಅತ್ತೆ ಬಾಗಿಲಲ್ಲೇ ನಿಂತಳು.

"ಮಕ್ಳಾಗ್ನಿಲ್ಲ ಅಂದ್ರೆ ನಾನು ನಿನ್ ಮಗಳಲ್ವೇನವ್ವ?"

"ಅಂಗಲ್ಲ ಕಣವ್ವ. ನಿಂಗೇ ಒಳ್ಳೇದಾಗ್ಲಿ ಅಂತ."

ಅತ್ತೆ ಒಳಗೆ ಹೋದಳು. ನಾನು ಹೊಟ್ಟೆ ಬಿರಿಯುವಷ್ಟು ತಿಂದೆ. ಅವಳು ಒಂದು ಕಡುಬನ್ನೂ ಮುಟ್ಟಲಿಲ್ಲ. ಅಜ್ಜಿಯ ರೊಟ್ಟಿಯೂ ಅರ್ಧಕ್ಕೇ ನಿಂತಿತು.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಜಡಿಮಳೆ, ಹುಣಸೂರು ಬಸ್ಸು ತಡ. ದಾರಿಯಲ್ಲಿ ನನಗೆ ಹಸಿವಾದೀತೆಂದು ಅತ್ತೆ ಬಾಳೆಲೆಯಲ್ಲಿ ಕಡುಬು ಕಟ್ಟಿ ತಂದಿದ್ದಳು. ಅಜ್ಜಿ ಆ ಪೊಟ್ಟಣವನ್ನೂ ಮಗಳ ಮುಖವನ್ನೂ ನೋಡಿದಳು. ಆಮೇಲೆ ಸಿಮೆಂಟು ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

"ಕೆಂಪಿ, ಇದ್ಯಾರ್ದು ಜಾಗ?"

"ಸರ್ಕಾರದ್ದು ಕಣವ್ವ. ಯಾಕೆ?"

"ಸರ್ಕಾರಕ್ಕೇನು ನಾನು ಹೆಣ್ಣು ಕೊಟ್ಟಿಲ್ವಲ್ಲ. ಬಡ್ಸು ಮತ್ತೆ, ಒಟ್ಟೆ ಅಸೀತದೆ."

ಅತ್ತೆ ನಗುತ್ತಲೇ ಅತ್ತುಬಿಟ್ಟಳು. ಕಡುಬು ಮುರಿದು ಅವ್ವನ ಅಂಗೈಗೆ ಇಟ್ಟಳು, ತಾನೂ ತಿಂದಳು. ಬಸ್ಸು ಬಂದು ನಾವು ಹತ್ತಿ ಕೂತ ಮೇಲೂ ಕಿಟಕಿಯ ಕೆಳಗೆ ನೆನೆಯುತ್ತ ಕೈ ಚಾಚಿದಳು. "ಇನ್ನೊಂದು ತಿನ್ನವ್ವ."

ಅತ್ತೆಗೆ ಮಕ್ಕಳಾಗಲೇ ಇಲ್ಲ. ಅಜ್ಜಿ ಆ ಮನೆಯಲ್ಲಿ ಕಡೆತನಕ ಒಂದು ಲೋಟ ನೀರೂ ಕುಡಿಯಲಿಲ್ಲ. ಆದರೆ ಪ್ರತಿ ವರ್ಷ ಆ ಬೆಂಚಿನ ಮೇಲೆ ಹೊಟ್ಟೆತುಂಬ ಉಂಡೇ ಬಸ್ಸು ಹತ್ತಿದಳು.

ಈಗ ಇಬ್ಬರೂ ಇಲ್ಲ. ಕಟ್ಟುಪಾಡೂ ಹೋಯಿತು, ಅದು ಹೋದದ್ದಕ್ಕೆ ನನಗೇನೂ ಬೇಸರವಿಲ್ಲ. ಮೊನ್ನೆ ಕಾರಿನಲ್ಲಿ ವಿರಾಜಪೇಟೆಗೆ ಹೋದಾಗ ಹೋಟೆಲೊಂದರಲ್ಲಿ ಕಡುಬು ಸಿಕ್ಕಿತು. ಚೆನ್ನಾಗಿಯೇ ಇತ್ತು. ತಿಂದು, ಕೈ ತೊಳೆದು, ಕಾರು ಹತ್ತಿದೆ. ಯಾಕೋ ಏನೋ, ಕಿಟಕಿಯ ಗಾಜು ಇಳಿಸಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಇನ್ನೊಂದು ತಿನ್ನು ಅನ್ನಲು ಅಲ್ಲಿ ಯಾರೂ ನಿಂತಿರಲಿಲ್ಲ.