ಶಬನಮ್ ಕಟ್ಟಿದ ಎಂಜಿನ್ ಸೈಕಲ್

ಹಳಿಯಾಳದಿಂದ ದಾಂಡೇಲಿಗೆ ಹೋಗುವ ರಸ್ತೆಯಲ್ಲಿ ಜಾಂಬವಾಡಿ ಕ್ರಾಸ್ ಎಂದೊಂದು ಸ್ಟಾಪ್ ಇದೆ. ಅಲ್ಲಿ ನನ್ನ ಸೈಕಲ್ ಅಂಗಡಿ. ಮೂವತ್ತೆರಡು ವರ್ಷದಿಂದ ಪಂಕ್ಚರ್ ತಿದ್ದುತ್ತ, ಚೈನ್ ಬದಲಿಸುತ್ತ ಕೂತಿದ್ದೇನೆ. ಸೈಕಲ್ಲಿನ ವಿಷಯದಲ್ಲಿ ಈ ಚನಬಸಪ್ಪನಿಗೆ ಬುದ್ಧಿ ಹೇಳುವವರು ಇನ್ನೂ ಹುಟ್ಟಿಲ್ಲ ಎಂದುಕೊಂಡಿದ್ದೆ. ಹುಟ್ಟಿ ನಲವತ್ತಾರು ವರ್ಷವಾಗಿತ್ತು, ನನಗೆ ಗೊತ್ತಿರಲಿಲ್ಲ ಅಷ್ಟೆ. ಅವಳ ಹೆಸರು ಶಬನಮ್.

ಕ್ರಾಸಿನಿಂದ ಕಾಡಿನೊಳಗೆ ಎಂಟು ಕಿಲೋಮೀಟರ್ ಹೋದರೆ ಜಾಂಬವಾಡಿ, ಸಿದ್ದಿ ಜನರ ಹನ್ನೊಂದು ಮನೆ. ಹೆಂಗಸರೆಲ್ಲ ಸೇರಿ ಎಮ್ಮೆ ಕಟ್ಟಿದ್ದಾರೆ. ಎಲ್ಲರ ಹಾಲನ್ನೂ ಎರಡು ಕ್ಯಾನಿಗೆ ತುಂಬಿ, ಸೈಕಲ್ಲಿನ ಹಿಂದೆ ಎರಡೂ ಕಡೆ ಇಳಿಬಿಟ್ಟು, ಬೆಳಿಗ್ಗೆ ಏಳಕ್ಕೆ ಕ್ರಾಸಿಗೆ ಬರುವ ಹಾಲಿನ ಗಾಡಿಗೆ ಮುಟ್ಟಿಸುವುದು ಶಬನಮ್‌ಳ ಕೆಲಸ. ಆರು ವರ್ಷದಲ್ಲಿ ಮಳೆ, ಜ್ವರ ಏನೇ ಇರಲಿ, ತಪ್ಪಿಸಿದವಳಲ್ಲ. ಆ ಸೈಕಲ್ಲೋ, ದೇವರಿಗೇ ಪ್ರೀತಿ. ಮಗಳು ರುಬಿನಾ ಎಂಟನೇ ತರಗತಿಯಲ್ಲಿದ್ದಾಗ ಶಾಲೆಯಲ್ಲಿ ಪುಕ್ಕಟೆ ಕೊಟ್ಟದ್ದು. ಮಗಳು ಮದುವೆಯಾಗಿ ಕಲಘಟಗಿ ಸೇರಿದಳು, ಸೈಕಲ್ ತಾಯಿಗೆ ಉಳಿಯಿತು.

ದೀಪಾವಳಿ ಮುಗಿದ ವಾರ ಶಬನಮ್ ಹಳ್ಳದ ಕಾಲುಸಂಕದ ಮೇಲೆ ಜಾರಿ ಬಿದ್ದಳು. ಮೊಣಕಾಲು ಊದಿ ಕುಂಬಳಕಾಯಿಯಾಯಿತು. ದಾಂಡೇಲಿಯ ಡಾಕ್ಟರು, ನಡೆಯಬಹುದು, ಆದರೆ ಪೆಡಲ್ ತುಳಿಯುವ ಮಾತೇ ಬೇಡ ಎಂದರು. ಉಳಿದ ಹೆಂಗಸರು ಹಾಲನ್ನು ತಲೆಯ ಮೇಲೆ ಹೊತ್ತು ಬಂದರು. ಬರುವಷ್ಟರಲ್ಲಿ ಗಾಡಿ ಹೋಗಿರುತ್ತಿತ್ತು. ಒಂದು ದಿನ ಗಾಡಿ ಸಿಕ್ಕರೂ ಹಾಲು ಒಡೆದಿತ್ತು. ನಾಲ್ಕು ದಿನ ಹೀಗಾದ ಮೇಲೆ ಗಾಡಿಯ ಡ್ರೈವರ್ ಪುಂಡಲೀಕ ನನ್ನ ಅಂಗಡಿಯ ಮುಂದೆಯೇ ನಿಂತು ಖಡಾಖಂಡಿತ ಹೇಳಿದ.

"ಒಂದನೇ ತಾರೀಖಿಗೆ ಚಾಲೂ ಮಾಡ್ರಿ. ಹತ್ತು ದಿನ ಏಳರೊಳಗ ಹಾಲು ಇಲ್ಲಿರಬೇಕು. ಒಂದು ದಿನ ತಪ್ಪಿದ್ರ ಗಾಡಿ ಈ ಕ್ರಾಸಿಗೆ ನಿಲ್ಲಂಗಿಲ್ಲ. ಮುಂದ ಇಪ್ಪತ್ತು ಊರ ಹಾಲು ಕಾಯ್ತಿರತಾವ. ಏಳು ಅಂದ್ರ ಏಳು."

ಪುಂಡಲೀಕ ಕೆಟ್ಟವನಲ್ಲ, ಗಡಿಯಾರ ನುಂಗಿದವನು. ಆದರೆ ಈ ಸ್ಟಾಪು ಹೋದರೆ ಜಾಂಬವಾಡಿಯ ಎಮ್ಮೆಗಳೂ ಹೋದವು ಎಂದೇ ಅರ್ಥ. ಆ ದಿನಗಳಲ್ಲಿ ಅಲ್ಲಿಯ ಹಾಲೆಲ್ಲ ಮೊಸರಾಗಿ, ಮೊಸರು ಮಜ್ಜಿಗೆಯಾಗಿ, ಕೊನೆಗೆ ಕರುಗಳೂ ಮುಖ ತಿರುಗಿಸಿದವಂತೆ.

ಒಂದನೇ ತಾರೀಖಿಗೆ ನಾಲ್ಕು ದಿನ ಇದೆ ಎನ್ನುವಾಗ ನನ್ನ ಅಂಗಡಿಗೆ ಶಬನಮ್ ಹೆಸರಿನ ಒಂದು ಪಾರ್ಸೆಲ್ ಬಂತು. ಕೊರಿಯರಿನವನು ಕಾಲುಸಂಕ ದಾಟಲು ಒಪ್ಪದೆ ನನ್ನ ತಲೆಗೆ ಕಟ್ಟಿ ಹೋದ. ಹಿಂದೆಯೇ ಸೈಕಲ್ ನೂಕುತ್ತ, ಕುಂಟುತ್ತ ಅವಳೂ ಬಂದಳು. ಡಬ್ಬ ಬಿಚ್ಚಿದರೆ ಹುಲ್ಲು ಕತ್ತರಿಸುವ ಮಷಿನ್ನಿಗೆ ಇರುವಂಥ ಪುಟ್ಟ ಎಂಜಿನ್, ಒಂದು ಹಲ್ಲುಚಕ್ರ, ಚೈನು, ಲೀಟರಿನ ಟ್ಯಾಂಕು.

"ರುಬಿನಾ ಮೊಬೈಲಿನ್ಯಾಗ ತರಿಸಿದ್ದು. ಇದನ್ನ ಸೈಕಲ್ಲಿಗೆ ಕೂಡಿಸಿ ಕೊಡ್ರಿ ಅಣ್ಣಾ," ಎಂದಳು.

ನಾನು ನಕ್ಕುಬಿಟ್ಟೆ. "ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವು ಅಂದಂಗಾತು. ಈ ಸೈಕಲ್ಲಿಗೆ ಎಂಜಿನ್ನಾ? ಒಂದು ಸ್ಕೂಟಿ ತಗೋಬಾರದೇನ ತಂಗಿ?"

"ಸ್ಕೂಟಿ ಸಂಕ ದಾಟತೈತೇನ್ರಿ? ಎರಡು ದಿಮ್ಮಿ ಅದಾವು ಅಷ್ಟ. ಸೈಕಲ್ ಆದ್ರ ನೂಕ್ಕೊಂಡು ದಾಟಸ್ತೇನಿ, ಕ್ಯಾನು ನಮ್ಮ ಹೆಣ್ಮಕ್ಕಳು ದಾಟಸ್ತಾರ. ಇದು ಇಪ್ಪತ್ತೈದು ಸಿಸಿ ಒಳಗ ಐತಿ, ನಂಬರ್ ಪ್ಲೇಟೂ ಬ್ಯಾಡ ಅಂತಾರ."

ನಗಲು ಇನ್ನೊಂದು ಕಾರಣವೂ ಇತ್ತು. ಡಬ್ಬದ ಮೇಲಿನ ಚಿತ್ರದಲ್ಲಿದ್ದದ್ದು ಗಂಡಸರ ಸೈಕಲ್ಲು, ಅಡ್ಡ ಪೈಪು ಇರುವಂಥದ್ದು. ಇವಳದು ಹುಡುಗಿಯರ ಸೈಕಲ್ಲು, ಪೈಪುಗಳು ಓರೆಯಾಗಿ ಇಳಿದಿದ್ದವು. ಎಂಜಿನ್ನಿನ ಜೊತೆ ಬಂದಿದ್ದ ಕ್ಲ್ಯಾಂಪು ಎಲ್ಲಿ ಇಟ್ಟರೂ ಸರಿಯಾಗಿ ಕೂರುತ್ತಿರಲಿಲ್ಲ. ವೆಲ್ಡಿಂಗ್ ಮಾಡೋಣವೆಂದರೆ ಪೈಪು ಹಪ್ಪಳದಷ್ಟು ತೆಳು, ತೂತು ಬೀಳುವುದು ಖಂಡಿತ. ಆದರೂ ನಾನೆಂದರೆ ಯಾರು! ಹಿಂದಿನ ಚಕ್ರದ ಕಡ್ಡಿಗಳಿಗೆ ಹಲ್ಲುಚಕ್ರ ಬಿಗಿದೆ, ಓರೆ ಪೈಪಿಗೆ ಹಳೆ ಟೈರಿನ ತುಂಡು ಸುತ್ತಿ, ಮೇಲೆ ಕಬ್ಬಿಣದ ಪಟ್ಟಿ ಹಾಕಿ, ನಾಲ್ಕು ಬೋಲ್ಟಿನಿಂದ ಎಂಜಿನ್ ಕೂರಿಸಿದೆ. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಗ್ಗ ಜಗ್ಗಿದೆ. ಎಂಜಿನ್ ಹತ್ತಿತು. ಶಬನಮ್ ಏರಿ ಹೊರಟಳು, ನಾನು ಮೀಸೆ ತಿರುವಿದೆ.

ಅರ್ಧ ತಾಸಿಗೆ ಸೈಕಲ್ ನೂಕುತ್ತ ಮರಳಿ ಬಂದಳು. ನಡುಕಕ್ಕೆ ಎರಡು ಬೋಲ್ಟು ಉದುರಿದ್ದವು. ಮತ್ತೆ ಬಿಗಿದೆ, ಮತ್ತೆ ಉದುರಿದವು. ಮೂರನೆಯ ಸಲ ಪಟ್ಟಿಯೇ ಮುರಿಯಿತು.

"ಎಂಜಿನ್ನ ಸರಿ ಇಲ್ಲ," ಎಂದೆ. ಒಳಗಿನಿಂದ ನನ್ನ ಹೆಂಡತಿ ನೀಲಕ್ಕ, "ಜಟ್ಟಿ ಕೆಳಗ ಬಿದ್ರೂ ಮೀಸಿ ಮಣ್ಣಾಗಲಿಲ್ಲ," ಎಂದಳು.

ಶಬನಮ್ ನಗಲಿಲ್ಲ. ಎಂಜಿನ್ ಓಡುವಾಗ ಪೈಪಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ಕೂತಿದ್ದಳು. ಅವಳಪ್ಪ ಡಮಾಮಿ ಮಾಡುವುದರಲ್ಲಿ ಹೆಸರಾದವನು. ಮರದ ಕೊರಡು ತೋಡಿ ಎರಡೂ ಬಾಯಿಗೆ ಚರ್ಮ ಬಿಗಿದು ಮಾಡುವ ಆ ವಾದ್ಯ ಇಲ್ಲದೆ ಸಿದ್ದಿಗಳ ಮದುವೆಯಾಗಲಿ ಹಬ್ಬವಾಗಲಿ ಕಳೆಗಟ್ಟುವುದಿಲ್ಲ. ಅಪ್ಪನ ಜೊತೆ ಕೂತು ಚರ್ಮ ಎಳೆದು ಕಟ್ಟಿದ ಕೈ ಅವಳದು.

"ಕಬ್ಬಿಣ ಇದರ ಜೋಡಿ ಜಗಳಾಡತೈತಿ ಅಣ್ಣಾ. ಇದಕ್ಕ ಕಬ್ಬಿಣ ಬ್ಯಾಡ, ಚರ್ಮ ಬೇಕು."

ಮನೆಯಲ್ಲಿದ್ದ ಆಡಿನ ಚರ್ಮವನ್ನು ಉದ್ದುದ್ದ ಬಾರು ಕೊಯ್ದು, ನೀರಿನಲ್ಲಿ ನೆನೆಸಿ ತಂದಳು. ಕಾಲಿನಿಂದ ಒದ್ದು ಹಿಡಿದು, ಹಲ್ಲು ಕಚ್ಚಿ ಎಳೆದು, ಎಂಜಿನ್ನನ್ನೂ ಪೈಪುಗಳನ್ನೂ ಸೇರಿಸಿ ಹೆಣೆದಳು. ಬಿಸಿಯಾಗುವ ಹೊಗೆಕೊಳವೆಯ ಕಡೆ ಮಾತ್ರ ಬಾರು ಹೋಗದ ಹಾಗೆ ನೋಡಿಕೊಂಡಳು. ಎರಡು ದಿನ ಬಿಸಿಲಿಗೆ ಒಣಗಿದ ಮೇಲೆ ನಾನು ಸುತ್ತಿಗೆಯಿಂದ ಬಡಿದು ನೋಡಿದೆ. ಎಂಜಿನ್ ಅಲ್ಲಾಡಲಿಲ್ಲ, ಸುತ್ತಿಗೆ ಪುಟಿಯಿತು. ನನಗೆ ನಾಚಿಕೆಯಾಯಿತು, ಸಂತೋಷವೂ ಆಯಿತು. ನಾಚಿಕೆಯನ್ನು ಮಾತ್ರ ಅವಳಿಗೆ ತೋರಿಸಲಿಲ್ಲ.

ಒಂದನೇ ತಾರೀಖು ಆರೂ ನಲವತ್ತಕ್ಕೆ ಕಾಡಿನೊಳಗಿಂದ ಫಟಫಟ ಸದ್ದು ಕೇಳಿತು. ಕ್ಯಾನು ಎರಡೂ ತುಂಬಿದ್ದವು, ಶಬನಮ್ ಮಹಾರಾಣಿಯ ಹಾಗೆ ನೆಟ್ಟಗೆ ಕೂತಿದ್ದಳು, ಮೊಣಕಾಲಿಗೆ ಏನೂ ಕೆಲಸವಿರಲಿಲ್ಲ. ಎರಡನೆಯ ದಿನವೂ ಹಾಗೆಯೇ, ಮೂರನೆಯ ದಿನವೂ ಹಾಗೆಯೇ. ಒಂಬತ್ತು ದಿನ ಪುಂಡಲೀಕ ಗಡಿಯಾರ ನೋಡಿದ, ಹಾಲು ನೋಡಿದ, ಗಾಡಿಗೆ ಏರಿಸಿಕೊಂಡು ಹೋದ.

ಹತ್ತನೆಯ ದಿನ ಆರೂ ನಲವತ್ತಾಯಿತು, ಸದ್ದಿಲ್ಲ. ಆರೂ ಐವತ್ತಕ್ಕೆ ಗಾಡಿ ಬಂದು ನಿಂತಿತು. ಕಾಡಿನ ದಾರಿಯಲ್ಲಿ ಮಂಜು ಬಿಟ್ಟರೆ ಏನೂ ಇಲ್ಲ.

ಆಗ ಕಾಡಿನಲ್ಲಿ ಏನಾಗಿತ್ತು ಎಂಬುದನ್ನು ಅವಳು ಆಮೇಲೆ ಹೇಳಿದಳು, ನಾನು ಈಗಲೇ ಹೇಳಿಬಿಡುತ್ತೇನೆ. ನಾಳೆ ಕೊನೆಯ ದಿನ, ಪುಂಡಲೀಕನ ಕಣ್ಣು ಕುಕ್ಕಬೇಕು ಎಂದು ಹಿಂದಿನ ಸಂಜೆ ಸೈಕಲ್ಲನ್ನು ಹಳ್ಳಕ್ಕೆ ಒಯ್ದು, ಸೋಪು ಹಚ್ಚಿ, ತಿಕ್ಕಿ ತಿಕ್ಕಿ ತೊಳೆದಿದ್ದಳು. ಡಮಾಮಿ ಮಾಡುವವನ ಮಗಳು ಕಟ್ಟಿದ ಚರ್ಮವನ್ನು ತೊಳೆದಳು! ಮನೆಯೊಳಗೆ ಇಡುವುದನ್ನು ಬಿಟ್ಟು, ಎಲ್ಲರೂ ನೋಡಲಿ ಎಂದು ಅಂಗಳದಲ್ಲೇ ನಿಲ್ಲಿಸಿದಳು. ರಾತ್ರಿಯ ಇಬ್ಬನಿ ಉಳಿದ ಕೆಲಸ ಮುಗಿಸಿತು. ಸಂಕ ದಾಟಿ ಏರಿನ ನಡುವೆ ಬರುವಷ್ಟರಲ್ಲಿ ಬಾರು ಸಡಿಲಾಗಿ, ಎಂಜಿನ್ ಒಂದು ಕಡೆ ವಾಲಿ, ಚೈನು ಕಳಚಿ ಬಿತ್ತು.

ತನ್ನ ತಲೆಗೆ ತಾನೇ ಹೊಡೆದುಕೊಂಡಳಂತೆ. ಮಂಜಿನ ದಿನ ಡಮಾಮಿಯ ಚರ್ಮ ಮೆತ್ತಗಾದರೆ ಬಾರಿಸುವ ಮೊದಲು ಬೆಂಕಿಗೆ ಹಿಡಿದು ಕಾಯಿಸುತ್ತಾರೆ, ಬಾರಿನ ಕೆಳಗೆ ಕಟ್ಟಿಗೆಯ ಬೆಣೆ ಸೇರಿಸಿ ಬಿಗಿಮಾಡುತ್ತಾರೆ. ಅದು ಅವಳಿಗೆ ತೊಟ್ಟಿಲಲ್ಲೇ ಗೊತ್ತಿದ್ದ ವಿದ್ಯೆ. ತರಗೆಲೆ ಗುಡ್ಡೆಹಾಕಿ ಬೆಂಕಿಪೊಟ್ಟಣ ತೆಗೆದಳು. ಪೆಟ್ರೋಲ್ ನೆನಪಾಯಿತು, ಪೊಟ್ಟಣವನ್ನು ದೂರ ಎಸೆದಳು. ಅಷ್ಟರಲ್ಲಿ ಕೈ ಎಂಜಿನ್ನಿಗೆ ತಾಗಿ ಚುರ್ ಎಂದಿತು. ಬೆಂಕಿ ಇಲ್ಲೇ ಇದೆಯಲ್ಲ! ಕಲ್ಲಿನಿಂದ ಗುದ್ದಿ ಬಾರುಗಳ ಕೆಳಗೆ ನಾಲ್ಕು ಬೆಣೆ ಇಳಿಸಿದಳು. ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ, ಚೈನು ಹಾಕದೆ ಬರಿ ಎಂಜಿನ್ ಓಡಿಸಿದಳು. ಎಂಜಿನ್ನಿನ ಕಾವಿಗೆ ಚರ್ಮದಿಂದ ಹಬೆ ಎದ್ದಿತು. ಗೆಣ್ಣಿನಿಂದ ತಟ್ಟುತ್ತ ಕಿವಿಗೊಟ್ಟು ಕೂತಳು. ಮೊದಲು ಡಬ್ ಡಬ್ ಎನ್ನುತ್ತಿದ್ದದ್ದು ಟಣ್ ಎಂದ ಕೂಡಲೇ ಚೈನು ಹಾಕಿ ಏರಿದಳು.

ಇತ್ತ ನಾನು ಪುಂಡಲೀಕನಿಗೆ ಚಹಾ ಕೊಟ್ಟೆ. ಕುಡಿದ. ಇನ್ನೊಂದು ಕೊಟ್ಟೆ. ಬೇಡ ಎಂದ. "ಗಾಡಿ ಹಿಂದಿನ ಟೈರ್ ಮೆತ್ತಗ ಕಾಣಸ್ತೈತಿ, ಗಾಳಿ ಹಾಕ್ತೇನಿ ತಡಿ," ಎಂದೆ. ಸುಳ್ಳು, ಟೈರು ಕಲ್ಲಿನ ಹಾಗಿತ್ತು. ಮೂವತ್ತೆರಡು ವರ್ಷದಲ್ಲಿ ಟೈರಿನ ಬಗ್ಗೆ ನಾನು ಹೇಳಿದ ಮೊದಲ ಸುಳ್ಳು ಅದು.

"ಚನಬಸಪ್ಪಣ್ಣಾ, ನಾಟಕ ಸಾಕು," ಎಂದು ಅವನು ಬಾಗಿಲು ತೆಗೆದು ಹತ್ತಿದ. "ಎರಡು ಮಿನಿಟ್ ಐತಿ. ನನಗೂ ಕೆಟ್ಟ ಅನಸ್ತೈತಿ. ಆದ್ರ ಏಳು ಅಂದ್ರ ಏಳು."

ಆಗ ಕೇಳಿತು. ಫಟಫಟ, ಫಟಫಟ. ಮಂಜು ಸೀಳಿಕೊಂಡು ಶಬನಮ್ ಬಂದಳು. ಸೆರಗು ಸೊಂಟಕ್ಕೆ ಬಿಗಿದಿತ್ತು, ಮುಖಕ್ಕೆಲ್ಲ ಆಯಿಲ್ಲು, ಅಂಗೈಯಲ್ಲಿ ಬೊಬ್ಬೆ. ಗಾಡಿಯ ಮುಂದೆಯೇ ಅಡ್ಡ ನಿಲ್ಲಿಸಿದಳು. ಪುಂಡಲೀಕ ಕೆಳಗಿಳಿದು ಗಡಿಯಾರ ನೋಡಿದ, ಏಳಕ್ಕೆ ಒಂದು ನಿಮಿಷ. ಮುಚ್ಚಳ ತೆಗೆದು ಹಾಲು ಮೂಸಿದ, ಅಳತೆಕಡ್ಡಿ ಇಳಿಬಿಟ್ಟ. ಹಾಲು ಒಂದಿಷ್ಟೂ ಕೆಟ್ಟಿರಲಿಲ್ಲ. ಜೇಬಿನಿಂದ ಪೆನ್ನು ತೆಗೆದು ತನ್ನ ಪಟ್ಟಿಯಲ್ಲಿ ಜಾಂಬವಾಡಿ ಕ್ರಾಸ್ ಎಂದು ದೊಡ್ಡದಾಗಿ ಬರೆದ. ನೀಲಕ್ಕ ಓಡಿಬಂದು ಶಬನಮ್‌ಳನ್ನು ಆಯಿಲ್ಲು ಸಮೇತ ಅಪ್ಪಿಕೊಂಡಳು. ನಾನು ಅತ್ತೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಮರುದಿನ ಆರೂ ನಲವತ್ತಕ್ಕೆ ಅವಳು ಬಂದು ಕ್ಯಾನು ಇಳಿಸಿಕೊಂಡು ಕೂತಿದ್ದಳು. ಏಳಾಯಿತು, ಏಳೂ ಹತ್ತಾಯಿತು. ಏಳೂ ಹನ್ನೆರಡಕ್ಕೆ ಗಾಡಿ ಏದುಸಿರು ಬಿಡುತ್ತ ಬಂದು ನಿಂತಿತು. ದಾರಿಯಲ್ಲಿ ಪಂಕ್ಚರ್ ಆಗಿತ್ತಂತೆ. ಶಬನಮ್ ಎದ್ದು, ಪುಂಡಲೀಕನ ಮಣಿಕಟ್ಟು ಹಿಡಿದು, ಅವನ ಗಡಿಯಾರವನ್ನು ಅವನಿಗೇ ತೋರಿಸಿದಳು.

"ಪುಂಡಲೀಕಣ್ಣಾ," ಎಂದಳು, "ಏಳು ಅಂದ್ರ ಏಳು ರೀ."

ಅವನು ತಲೆ ತಗ್ಗಿಸಿ, ಎರಡೂ ಕ್ಯಾನನ್ನು ತಾನೇ ಎತ್ತಿ ಗಾಡಿಗೆ ಇಟ್ಟ. ಅಂದಿನಿಂದ ಕ್ಯಾನು ಎತ್ತುವ ಕೆಲಸ ಅವನದೇ.