ಕೂಗದ ತವರ

ತವರಕ್ಕೆ ಗಂಟಲಿದೆ ಎಂದರೆ ನಗುತ್ತೀರಿ. ಅಪ್ಪಟ ತವರದ ಕಡ್ಡಿಯೊಂದನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಗ್ಗಿಸಿ ನೋಡಿ. ಒಣಗಿದ ಎಲೆ ಕಾಲಡಿಗೆ ಸಿಕ್ಕಂತೆ ಚಿರಚಿರ ಎಂದು ಸಣ್ಣಗೆ ಕೂಗುತ್ತದೆ. ಅರ್ಧಕ್ಕರ್ಧ ಸೀಸ ಬೆರೆಸಿದ ಕಡ್ಡಿಯಾದರೆ ಏನು ಮಾಡಿದರೂ ಬಾಯಿ ಬಿಡುವುದಿಲ್ಲ. ಅಡುಗೆಯ ತಾಮ್ರದ ಪಾತ್ರೆಯ ಒಳಮೈಗೆ ತವರ ಬಳಿದು ಕಲಾಯಿ ಹಾಕುವವರಿಗೆ ಇದೊಂದು ಪರೀಕ್ಷೆ ಸಾಕು. ಕೂಗುವುದು ಅಡುಗೆಮನೆಗೆ. ಕೂಗದ್ದು ಬಚ್ಚಲ ಹಂಡೆಯ ಬೆಸುಗೆಗೆ. ಸೀಸ ಹೊಟ್ಟೆಗೆ ಹೋದರೆ ಮನುಷ್ಯನನ್ನು ಒಳಗಿನಿಂದಲೇ ತಿನ್ನುತ್ತದೆ. ಹುಳಿ ತಾಗಿದರಂತೂ ಪಾತ್ರೆಯಿಂದ ಸಲೀಸಾಗಿ ಇಳಿದು ಬರುತ್ತದೆ.

ನಮ್ಮ ಬೀದಿಯ ಕಲಾಯಿ ಮಾವ ಈ ಕೂಗನ್ನು ನಂಬಿಯೇ ನಲವತ್ತು ವರ್ಷ ಬದುಕಿದವರು. ಗುರುವಿಲ್ಲ, ಶಾಲೆಯಿಲ್ಲ, ಕೈ ಸುಟ್ಟುಕೊಂಡು ಕಲಿತ ವಿದ್ಯೆ. ಮನೆಯ ಮುಂದಿನ ತಗಡಿನ ಚಪ್ಪರದಡಿ ನೆಲದಲ್ಲೊಂದು ಒಲೆ, ಅದಕ್ಕೆ ಗಾಳಿ ಹಾಕುವ ತಿದಿ, ಒಂದು ಇಕ್ಕಳ, ಕಿಲುಬು ಬಿಡಿಸಲು ಪುಡಿ ಮಾಡಿದ ನವಸಾಗರದ ಡಬ್ಬಿ, ಹತ್ತಿಯ ಉಂಡೆ. ಪಾತ್ರೆ ಕಾಯಿಸಿ, ನವಸಾಗರ ಚೆಲ್ಲಿ, ಬಿಳಿ ಹೊಗೆ ಏಳುತ್ತಿದ್ದಂತೆ ಕಡ್ಡಿ ತಾಗಿಸಿ, ಹತ್ತಿಯಿಂದ ಒಂದು ಸುತ್ತು ಒರೆಸಿದರೆ ಕಪ್ಪಗಿದ್ದ ಒಳಮೈ ಬೆಳ್ಳಿಯಾಗುತ್ತಿತ್ತು. ಆದರೆ ಕಡ್ಡಿ ತಾಗಿಸುವ ಮೊದಲು ಅದನ್ನು ಕಿವಿಗೆ ಹಿಡಿದು ಬಗ್ಗಿಸುವುದನ್ನು ಅವರು ಒಂದು ದಿನವೂ ತಪ್ಪಿಸಿದವರಲ್ಲ. ಪಾತ್ರೆ ತಂದವರು ನಿಂತು ನೋಡಲಿ ಎಂದು ಕೊಂಚ ಹೆಚ್ಚೇ ಗತ್ತಿನಿಂದ ಬಗ್ಗಿಸುತ್ತಿದ್ದರು. "ಹೂಂ, ಮಾತಾಡ್ತು," ಎಂದು ತಲೆಯಾಡಿಸಿದ ಮೇಲೆಯೇ ಕೆಲಸ.

ಮಾವನ ಹೆಂಡತಿಗೆ ಇದು ಮದುವೆಯಾದ ಹೊಸತರಿಂದ ಗೊತ್ತಿದ್ದ ಆಟ. ಒಲೆಯ ಮುಂದೆ ಕೂತ ಹುಡುಗಿಯ ಕಿವಿಗೆ ಕಡ್ಡಿ ಹಿಡಿದು, "ಕೇಳು, ನಿನ್ನ ಹೆಸರು ಹೇಳ್ತಿದೆ," ಎಂದಿದ್ದರಂತೆ ಮಾವ. ಅದನ್ನು ನೆನೆಸಿಕೊಂಡು ಆಕೆ ಈಗಲೂ ಕೆಂಪಾಗುತ್ತಿದ್ದರು. ಆಕೆಯ ಅಡುಗೆಯ ವಿಷಯ ಬೇರೆ ಹೇಳಬೇಕಿಲ್ಲ. ಬೆಳ್ಳುಳ್ಳಿ ಒಗ್ಗರಣೆ ಬಿದ್ದರೆ ಬೀದಿಯ ಈ ತುದಿಯಲ್ಲಿದ್ದ ನಮಗೆ ಹಸಿವಾಗುತ್ತಿತ್ತು.

ಆ ದಿನ ಶನಿವಾರ. ಬೆಳಿಗ್ಗೆ ಶರಬತ್ತಿನ ಅಕ್ಕ ಕೊಪ್ಪರಿಗೆ ತಂದಿದ್ದಳು. ಅಕ್ಕ ಎಂದರೆ ರೈಲ್ವೆ ಗೇಟಿನಾಚೆ, ನೂಲಿನ ಮಿಲ್ಲಿನ ಎದುರು, ಮನೆಯ ಮುಂಕೋಣೆಯಲ್ಲಿ ಕಪ್ಪು ದ್ರಾಕ್ಷಿಯ ಶರಬತ್ತು ಮಾರುವವಳು. ದ್ರಾಕ್ಷಿಯನ್ನು ಸಿಪ್ಪೆಸಮೇತ ಬೇಯಿಸಿ, ಸೋಸಿ, ಬಿಸಿಯಿರುವಾಗಲೇ ಕೊಪ್ಪರಿಗೆಗೆ ಸುರಿದು, ನಿಂಬೆ ಹಿಂಡಿ, ಎರಡು ಲವಂಗ ಹಾಕಿ, ಒದ್ದೆ ಬಟ್ಟೆ ಮುಚ್ಚಿ ತಣಿಯಲು ಬಿಡುತ್ತಿದ್ದಳು. ಶನಿವಾರ ಐದಕ್ಕೆ ಮಿಲ್ಲಿನ ಸೈರನ್ ಆದರೆ ನೂರು ಲೋಟ ಖಾಲಿ. ಗಂಡಸರು ಅಲ್ಲೇ ಕುಡಿದು, ಮನೆಯ ಮಕ್ಕಳಿಗೆ ಕ್ಯಾನಿನಲ್ಲಿ ತುಂಬಿಸಿಕೊಂಡು ಹೋಗುತ್ತಿದ್ದರು. ಅವಳಿಗೆ ಇನ್ನೊಂದು ಹುಚ್ಚಿತ್ತು: ಅಪರೂಪದ ವಸ್ತು ಕೂಡಿಡುವುದು. ಕಿಟಕಿಯ ಹಲಗೆಯ ಮೇಲೆ ಬೆನ್ನಿಗೆ ಬೆನ್ನು ಅಂಟಿ ಒಣಗಿದ ಅವಳಿ ನಿಂಬೆ, ಖಾಲಿ ಕಣಜದ ಗೂಡು, ಬಾಯಿಲ್ಲದ ಬೀಗ, ಹೀಗೆ ಇನ್ನೂ ಏನೇನೋ. ಜನ ಲೋಟ ಹಿಡಿದು ಅವನ್ನು ನೋಡುತ್ತ ನಿಲ್ಲುತ್ತಿದ್ದರು.

ಮಾವ ಕಲಾಯಿ ಹಾಕಿ ಮುಗಿಸಿ, ಹತ್ತು ಗಂಟೆಗೆ ಕೊಪ್ಪರಿಗೆಯನ್ನು ಕೈಗಾಡಿಯಲ್ಲಿ ಕಳಿಸಿಕೊಟ್ಟರು. ಊಟ ಮಾಡಿ ಒಂದಿಷ್ಟು ಒರಗಿ, ಮೂರೂವರೆಗೆ ಎದ್ದು ಕೂತರು. ಅಡುಗೆಮನೆಯಲ್ಲಿ ಚಹಾದ ಕೆಟಲು ಸೀಟಿ ಹಾಕುತ್ತಿತ್ತು. ಮಾವ ಗೋಡೆ ನೋಡುತ್ತ ಕೂತೇ ಇದ್ದರು.

ಹಿತ್ತಲಿನಿಂದ ಓಡಿ ಬಂದ ಹೆಂಡತಿ ಕೆಟಲು ಇಳಿಸಿದರು. "ರೀ, ಪಕ್ಕದಲ್ಲೇ ಕೂತಿದ್ದೀರಿ. ಅದು ಅಷ್ಟೊಂದು ಬಡ್ಕೋತಿದೆ, ಇಳಿಸಬಾರದಾ?"

"ಅದೆಲ್ಲಿ ಬಡ್ಕೋತು? ನಿನ್ನ ಕೆಟಲಿಗೆ ಗಂಟಲು ಕಟ್ಟಿದೆ. ಹೊಸದು ತಗೋ."

"ಕೆಟಲಿಗಲ್ಲ ಕಟ್ಟಿರೋದು," ಎಂದು ಗೊಣಗಿ ಆಕೆ ಗೂಟದಲ್ಲಿದ್ದ ಮಾವನ ಕೆಲಸದ ಅಂಗಿಯನ್ನು ಒಗೆಯಲು ತೆಗೆದುಕೊಂಡರು. ಜೇಬಿನಲ್ಲಿ ಬೆಳಗಿನ ಕಡ್ಡಿಯ ಮೋಟು ತುಂಡು ಸಿಕ್ಕಿತು. ಹಳೆಯ ಚಾಳಿ, ಕಿವಿಗೆ ಹಿಡಿದು ಬಗ್ಗಿಸಿದರು. ಮತ್ತೆ ಬಗ್ಗಿಸಿದರು.

"ಏನ್ರೀ, ಇದು ಮಾತೇ ಆಡಲ್ವಲ್ಲ?"

"ಕೊಡಿಲ್ಲಿ." ಮಾವ ಬಗ್ಗಿಸಿದರು. "ಆಡ್ತಲ್ಲ! ನಿನ್ನ ಕಿವಿಗೇನು ಬಂತು?"

ಆಕೆ ಚಪ್ಪರದಡಿ ಹೋಗಿ ತವರದ ಪೆಟ್ಟಿಗೆಯಿಂದ ಇನ್ನೊಂದು ಕಡ್ಡಿ ತಂದರು. ಗಂಡನ ಬೆನ್ನ ಹಿಂದೆ ನಿಂತು ಅದನ್ನು ಬಗ್ಗಿಸಿದರು. ಕೋಣೆಯಲ್ಲಿ ಚಿರಚಿರ ಎಂದಿತು. ಮಾವ ತಿರುಗಲಿಲ್ಲ. ಇನ್ನೊಮ್ಮೆ, ಕಿವಿಗೆ ತಾಗುವಷ್ಟು ಹತ್ತಿರ. ಮಾವ ನೊಣ ಓಡಿಸುವವರಂತೆ ಕೈ ಬೀಸಿದರು, ಅಷ್ಟೇ.

"ಎಷ್ಟು ದಿನದಿಂದ?" ಎಂದು ಆಕೆ ಕೇಳಿದರು.

ಮಾವ ನೆಲ ನೋಡಿದರು. ಮನುಷ್ಯರ ಮಾತು ಅವರಿಗೆ ಚೆನ್ನಾಗಿಯೇ ಕೇಳುತ್ತಿತ್ತು. ಸಣ್ಣ, ಚೂಪು ಸದ್ದುಗಳು ಮಾತ್ರ ಒಂದೊಂದಾಗಿ ಹೇಳದೆ ಕೇಳದೆ ಹೊರಟುಹೋಗಿದ್ದವು. ಎರಡು ವರ್ಷದಿಂದ ಅವರು ಕಡ್ಡಿ ಬಗ್ಗಿಸಿ ಸುಮ್ಮನೆ ತಲೆಯಾಡಿಸುತ್ತಿದ್ದರು. ಪೆಟ್ಟಿಗೆ ಎರಡು ಇವೆಯಲ್ಲ, ಬಲಗಡೆಯದು ತವರ, ಎಡಗಡೆಯದು ಬೆಸುಗೆ, ಕಣ್ಣು ನೆಟ್ಟಗಿದ್ದರೆ ಕಿವಿ ಯಾಕೆ ಎಂಬ ಧೈರ್ಯ. ನಿನ್ನೆ ಹಂಡೆಯೊಂದರ ಬೆಸುಗೆ ಮುಗಿಸಿ, ಉಳಿದ ಮೋಟನ್ನು ಕೈತಪ್ಪಿ ಬಲಗಡೆಗೆ ಹಾಕಿದ್ದರು. ಉದ್ದದ ಕಡ್ಡಿಯಾಗಿದ್ದರೆ ತೂಕವೇ ಗುಟ್ಟು ಬಿಡುತ್ತಿತ್ತು. ಬೆರಳುದ್ದದ ಮೋಟು ಏನು ಹೇಳೀತು?

"ಇದರಲ್ಲೇನಾ ಅಕ್ಕನ ಕೊಪ್ಪರಿಗೆ..." ಹೆಂಡತಿಯ ಮಾತು ಅಲ್ಲೇ ನಿಂತಿತು.

ಮಾವ ಎರಡೂ ತುಂಡುಗಳನ್ನು ಜೇಬಿಗೆ ತುರುಕಿ, ಚಪ್ಪಲಿ ಮೆಟ್ಟದೆ ಬೀದಿಗಿಳಿದಿದ್ದರು. ಆಗ ನಮ್ಮ ಕಡೆ ಯಾರ ಮನೆಗೂ ಫೋನು ಬಂದಿರಲಿಲ್ಲ. ಇದ್ದದ್ದು ಕಾಲು, ಅದೂ ಅರವತ್ತೈದರ ಕಾಲು.

ರೈಲ್ವೆ ಗೇಟು ಹಾಕಿತ್ತು. ಹಳಿಯ ಮೇಲೆ ಗೂಡ್ಸ್ ಗಾಡಿಯೊಂದು ಹಟ ಹಿಡಿದ ಎತ್ತಿನಂತೆ ನಿಂತುಬಿಟ್ಟಿತ್ತು. ಐದು ನಿಮಿಷ ಕಾದರು, ಹತ್ತು ನಿಮಿಷ ಕಾದರು. ದ್ರಾಕ್ಷಿಯ ಹುಳಿ, ಮೇಲೆ ನಿಂಬೆ, ಅದೂ ಬಿಸಿಬಿಸಿ. ನಿಂತ ಒಂದೊಂದು ಗಳಿಗೆಗೂ ಕೊಪ್ಪರಿಗೆಯೊಳಗೆ ಏನು ಇಳಿಯುತ್ತಿದೆ ಎಂಬುದು ಆ ಗುಂಪಿನಲ್ಲಿ ಅವರೊಬ್ಬರಿಗೇ ಗೊತ್ತು. ಮಾವ ಗೇಟಿನಡಿ ತಲೆ ತೂರಿಸಿ, ಎರಡು ಡಬ್ಬಿಗಳ ನಡುವಿನ ಕೊಂಡಿ ಹತ್ತಲು ಕೈ ಚಾಚಿದರು. ಹಿಂದಿನಿಂದ ಯಾರೋ ಅಂಗಿ ಹಿಡಿದು ಜಗ್ಗಿದ ರಭಸಕ್ಕೆ ಜಲ್ಲಿಯ ಮೇಲೆ ಕುಕ್ಕರಿಸಿದರು. ಮರುಕ್ಷಣವೇ ಡಬ್ಬಿಗಳು ದಡಬಡ ಎಂದು ಕದಲಿದವು.

"ಸಾಯೋಕೆ ನನ್ನ ಗೇಟೇ ಬೇಕಿತ್ತಾ ಮಾವ?" ಗೇಟಿನವನು ಹಿಡಿದ ಅಂಗಿ ಇನ್ನೂ ಬಿಟ್ಟಿರಲಿಲ್ಲ. "ಗಾರ್ಡು ಅಷ್ಟು ಸೀಟಿ ಊದಿದ, ನಾನು ಊದಿದೆ. ಕೇಳಿಸ್ಲಿಲ್ವಾ?"

"ಏನೋ ಯೋಚನೇಲಿದ್ದೆ," ಎಂದರು ಮಾವ. ಆಗಲೂ ಬಾಯಲ್ಲಿ ನಿಜ ಬರಲಿಲ್ಲ ನೋಡಿ.

ಅಕ್ಕನ ಅಂಗಡಿ ತಲುಪಿದಾಗ ಗೋಡೆಯ ಗಡಿಯಾರದಲ್ಲಿ ಐದಕ್ಕೆ ಇಪ್ಪತ್ತು ನಿಮಿಷ ಇತ್ತು. ಬಾಗಿಲಲ್ಲೇ ದ್ರಾಕ್ಷಿ, ಲವಂಗಗಳ ಘಮ. ಅಕ್ಕ ಲೋಟಗಳನ್ನು ತೊಳೆದು ಸಾಲಾಗಿ ಬೋರಲು ಹಾಕುತ್ತಿದ್ದಳು. ಕೊಪ್ಪರಿಗೆಯ ಬಟ್ಟೆ ಇನ್ನೂ ತೆಗೆದಿರಲಿಲ್ಲ. ಮಾವನಿಗೆ ಹೋದ ಜೀವ ಬಂತು.

"ಬನ್ನಿ ಮಾವ! ಏನು ಬರಿಗಾಲಲ್ಲಿ? ಅತ್ತೆ ಮನೆಯಿಂದ ಹೊರಗೆ ಹಾಕಿದ್ರಾ?"

"ಇಲ್ಲ ತಾಯಿ. ಕೊಪ್ಪರಿಗೆ ಒಂದ್ಸಲ ನೋಡ್ಬೇಕಿತ್ತು. ತಳದಲ್ಲಿ ಕಲಾಯಿ ಒಂಚೂರು ತೆಳ್ಳಗಾಯ್ತೇನೋ ಅಂತ."

"ಅಯ್ಯೋ, ಕನ್ನಡಿ ಹಂಗಿತ್ತು, ಮುಖ ನೋಡ್ಕೊಂಡು ತಲೆ ಬಾಚಿದೀನಿ. ಆರು ಗಂಟೆ ಮೇಲೆ ಬನ್ನಿ, ಖಾಲಿಯಾಗಿರುತ್ತೆ, ತಗೊಂಡು ಹೋಗಿ."

"ಈಗಲೇ ಬೇರೆ ಪಾತ್ರೆಗೆ ಸುರಿದುಬಿಟ್ರೆ..."

"ನೂರು ಲೋಟದ ಶರಬತ್ತು ಯಾವ ಪಾತ್ರೆಗೆ ಸುರೀಲಿ, ನಿಮ್ಮ ಜೇಬಿಗಾ? ಸುಮ್ನೆ ಕೂತ್ಕೊಳ್ಳಿ ಮಾವ. ಇವತ್ತಿನ ಮೊದಲ ಲೋಟ ನಿಮಗೇ."

ಮಾವ ಬೆಂಚಿನ ಮೇಲೆ ಕೂತರು. ಹೇಳಬೇಕು ಎಂದು ಎರಡು ಸಲ ಎದ್ದರು, ಎರಡು ಸಲವೂ ಮತ್ತೆ ಕೂತರು. ಸೀಸ ಎಂದು ಬಾಯಿ ಬಿಟ್ಟರೆ, ಹೇಗೆ ತಪ್ಪಿತು ಎಂದು ಕೇಳುತ್ತಾರೆ. ಕಿವಿ ಹೋಗಿದೆ ಎಂದರೆ, ಎರಡು ವರ್ಷ ಏನು ನಾಟಕವಾಡಿದೆ ಎನ್ನುತ್ತಾರೆ. ನಾಳೆಯಿಂದ ಒಂದು ಸೌಟೂ ಚಪ್ಪರದಡಿ ಬರುವುದಿಲ್ಲ. ನಲವತ್ತು ವರ್ಷದ ಹೆಸರು ಮಣ್ಣುಪಾಲು. ಗಡಿಯಾರದ ಮುಳ್ಳು ಮಾತ್ರ ಯಾರ ಮುಲಾಜೂ ಇಲ್ಲದೆ ಮೇಲೇರುತ್ತಿತ್ತು.

ಸೈರನ್ ಕೂಗಿತು. ಆ ದಪ್ಪ ದನಿ ಮಾವನಿಗೂ ಸ್ಪಷ್ಟವಾಗಿ ಕೇಳಿತು.

ಬೀದಿ ತುಂಬ ಚಪ್ಪಲಿಗಳ ಸದ್ದು. ತಲೆಗೂದಲಿಗೆಲ್ಲ ಹತ್ತಿಯ ಎಳೆ ಅಂಟಿಸಿಕೊಂಡ ನೂಲಿನವರು ಸಾಲುಗಟ್ಟಿದರು. ಅಕ್ಕ ಬಟ್ಟೆ ತೆಗೆದು, ಸೌಟು ಮುಳುಗಿಸಿ, ಮೊದಲ ಲೋಟ ತುಂಬಿ ಮಾವನ ಕಡೆ ನೀಡಿದಳು. ಕಪ್ಪು ಕೆಂಪಿನ ಎಂಥ ಬಣ್ಣ! ಮಾವನ ಕೈ ಏಳಲಿಲ್ಲ.

"ಮಾವನಿಗೆ ಬೇಡ್ವಂತೆ, ನನಗೆ ಕೊಡಕ್ಕ," ಎಂದು ಮುಂದಿದ್ದ ನೂಲಿನವನು ಲೋಟ ತೆಗೆದುಕೊಂಡ. "ನನ್ನ ಮಗಳಿಗೊಂದು ಕ್ಯಾನೂ ತುಂಬ್ಸು. ಬೆಳಗ್ಗಿಂದ ಅಪ್ಪ ಶರಬತ್ತು, ಅಪ್ಪ ಶರಬತ್ತು ಅಂತಿದಾಳೆ."

"ಕುಡೀಬೇಡಪ್ಪಾ!"

ಮಾವ ಎದ್ದು ಅವನ ಮಣಿಕಟ್ಟು ಹಿಡಿದಿದ್ದರು. ಅರ್ಧ ಶರಬತ್ತು ಇಬ್ಬರ ಮೈಮೇಲೂ ಚೆಲ್ಲಿತು. ಸಾಲಿನಲ್ಲಿ ಯಾರೋ ನಕ್ಕರು, ಯಾರೋ ಬೈದರು.

"ಅದರೊಳಗೆ ಸೀಸ ಇದೆ. ನಾನೇ ಹಾಕಿದ್ದು. ಬೆಸುಗೆ ಕಡ್ಡೀಲಿ ಕಲಾಯಿ ಮಾಡಿಬಿಟ್ಟೆ ತಾಯಿ."

ಅಕ್ಕನ ನಗು ಮುಖದ ಮೇಲೆಯೇ ಒಣಗಿತು. "ತಮಾಷೆ ಮಾಡ್ಬೇಡಿ ಮಾವ. ನೀವು ಕಿವಿಗೆ ಹಿಡಿದು ನೋಡ್ಲಿಲ್ವಾ? ಬೆಳಿಗ್ಗೆ ನಾನೇ ನಿಂತಿದ್ದೆನಲ್ಲ. ಮಾತಾಡ್ತು ಅಂದ್ರಿ."

ಮಾವ ಜೇಬಿನಿಂದ ಎರಡೂ ತುಂಡು ತೆಗೆದು ಅವಳ ಅಂಗೈಗೆ ಹಾಕಿದರು. "ಬಗ್ಗಿಸು."

ಸಾಲು ಸದ್ದಿಲ್ಲದೆ ನಿಂತಿತು. ಅಕ್ಕ ಉದ್ದದ್ದನ್ನು ಬಗ್ಗಿಸಿದಳು. ಮೂರು ಜನರಾಚೆ ನಿಂತವರಿಗೂ ಚಿರಚಿರ ಕೇಳಿತು. ಮೋಟನ್ನು ಬಗ್ಗಿಸಿದಳು. ಏನೂ ಇಲ್ಲ.

"ಮೊದಲನೇದು ಕೂಗ್ತಾ?" ಎಂದು ಮಾವ ಕೇಳಿದರು.

ಅಕ್ಕ ಅವರ ಮುಖ ನೋಡಿದಳು. "ಹೂಂ. ನಿಮಗೆ...?"

"ನನಗೆ ಯಾವುದೂ ಕೇಳಲ್ಲ. ಎರಡು ವರ್ಷ ಆಯ್ತು."

ಅಕ್ಕ ತುಂಡುಗಳನ್ನು ಕಿಟಕಿಯ ಹಲಗೆಯ ಮೇಲಿಟ್ಟಳು. ಆಮೇಲೆ ಕೊಪ್ಪರಿಗೆಯ ಒಂದು ಕಿವಿ ಹಿಡಿದಳು, ನೂಲಿನವನು ಇನ್ನೊಂದು ಹಿಡಿದ. ಬೆಳಗ್ಗಿನಿಂದ ಬೇಯಿಸಿ ಸೋಸಿದ್ದೆಲ್ಲ ಚರಂಡಿಯಲ್ಲಿ ಕೆಂಪಗೆ ಹರಿದುಹೋಯಿತು. ಅದು ಹರಿದು ಮುಗಿಯುವವರೆಗೂ ಮಾವ ಅಲ್ಲೇ ನಿಂತಿದ್ದರು. ಅಕ್ಕ ಅವರ ಕಡೆ ತಿರುಗಿಯೂ ನೋಡದೆ, "ಮೊದಲೇ ಹೇಳಿದ್ರೆ ನನ್ನ ದ್ರಾಕ್ಷಿಯಾದ್ರೂ ಉಳೀತಿತ್ತು," ಎಂದಳು. ಇದು ಈ ಇಪ್ಪತ್ತು ನಿಮಿಷದ ಮಾತೋ, ಎರಡು ವರ್ಷದ ಮಾತೋ ಅವಳಿಗೇ ಗೊತ್ತು.

ಮರುದಿನ ಮಾವ ಹೆಂಡತಿಯನ್ನು ಕರೆದುಕೊಂಡು, ಕೂಗು ಕೇಳದೆ ಎರಡು ವರ್ಷದಲ್ಲಿ ಕಲಾಯಿ ಹಾಕಿದ ಮನೆಗಳಿಗೆಲ್ಲ ಹೋದರು. ಪ್ರತಿ ಬಾಗಿಲಲ್ಲೂ ಅದೇ ಮಾತು ಹೇಳಿ, ಪಾತ್ರೆಗಳನ್ನು ಇಸಿದುಕೊಂಡು ಬಂದು ಒಳಮೈ ಕೆರೆದು ಹೊಸದಾಗಿ ಹಾಕಿಕೊಟ್ಟರು. ಕೆಲವರು ಬೈದರು. ಇಬ್ಬರು ಪಾತ್ರೆ ಕೊಡಲೇ ಇಲ್ಲ, ಬೇರೆಯವರಲ್ಲಿ ಮಾಡಿಸುತ್ತೇವೆ ಎಂದರು. ಮಾವ ತಲೆ ತಗ್ಗಿಸಿ ಬಂದರು.

ಅಕ್ಕನ ಕೊಪ್ಪರಿಗೆ ಬಂದದ್ದು ಹದಿನೈದು ದಿನದ ಮೇಲೆ. ಜೊತೆಗೆ ಅವಳೂ ಬಂದಿದ್ದಳು. "ಹಾಕಿ," ಎಂದಳು, "ಆದ್ರೆ ಅತ್ತೆ ಪಕ್ಕದಲ್ಲಿ ಕೂತಿರ್ಬೇಕು."

"ನಾನು ಕೂರ್ತೀನಮ್ಮ," ಎಂದರು ಹೆಂಡತಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ. "ಇವರ ಅನ್ನ ಬೇಯಿಸಿದ್ದಾಯ್ತು, ಇನ್ನು ಇವರ ಕಿವಿಯೂ ನಾನೇ ಆಗ್ಬೇಕು."

ಕೊಪ್ಪರಿಗೆ ಕಾದಿತು. ನವಸಾಗರದ ಬಿಳಿ ಹೊಗೆ ಎದ್ದಿತು. ಮಾವ ಕಡ್ಡಿಯನ್ನು ಹೆಂಡತಿಯ ಕಿವಿಗೆ ಹಿಡಿದು ಬಗ್ಗಿಸಿದರು.

"ಏನಂತು?"

ಆಕೆ ಬೇಕೆಂದೇ ತಡಮಾಡಿದರು. ಮಾವನ ಹಣೆಯಲ್ಲಿ ಬೆವರು ಮೂಡಿತು. "ಇರಿ, ಇನ್ನೊಂದ್ಸಲ," ಎಂದರು. ಮಾವ ಮತ್ತೆ ಬಗ್ಗಿಸಿದರು.

"ನನ್ನ ಹೆಸರು ಹೇಳ್ತು," ಎಂದರು ಆಕೆ. "ಹಾಕಿ."

ಕೂಗದ ಮೋಟನ್ನು ಅಕ್ಕ ವಾಪಸು ಕೊಡಲೇ ಇಲ್ಲ. ಅದು ಅವಳ ಕಿಟಕಿಯ ಹಲಗೆಯ ಮೇಲೆ, ಅವಳಿ ನಿಂಬೆಯ ಪಕ್ಕದಲ್ಲಿ ಬಹಳ ವರ್ಷ ಇತ್ತು. ಯಾರಾದರೂ ಇದೇನೆಂದು ಕೇಳಿದರೆ, ಮಾವ ಅಲ್ಲಿದ್ದ ದಿನ ಅಕ್ಕ ಬಾಯಿ ಬಿಡುತ್ತಿರಲಿಲ್ಲ. ಮಾವನೇ ಲೋಟ ಕೆಳಗಿಟ್ಟು ಹೇಳುತ್ತಿದ್ದರು.