ವ್ಯಾನು ಬರುವ ಮೊದಲು ಒರೆಸಿದ ವಿಭೂತಿ

ಸೋಮವಾರ ಬೆಳಿಗ್ಗೆ ಮಗಳ ಸ್ಕೂಲ್ ಬ್ಯಾಗಿನ ತಳದಲ್ಲಿ ಶನಿವಾರದ ಊಟದ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದೆ. ಹಳಸಿದ ಚಿತ್ರಾನ್ನದ ಹುಳಿ ನಾತ ಮೂಗಿಗೆ ಹೊಡೆಯಿತು. ಅನ್ನದ ಮೇಲೆ ಬೂದು ಬಣ್ಣದ ಬೂಷ್ಟು ಬೆಳೆದಿತ್ತು. ಹುಡುಗಿ ಒಂದು ತುತ್ತೂ ತಿಂದಿರಲಿಲ್ಲ. ಕೇಳಿದರೆ, "ಟೈಮ್ ಇರಲಿಲ್ಲಮ್ಮ" ಅಂದಳು, ಶೂ ಹಾಕಿಕೊಳ್ಳುತ್ತಲೇ. ಇದು ಅವಳ ಮೂರನೇ ಶಾಲೆ. ಮೊದಲನೆಯದು ಮನೆಗೆ ಹತ್ತಿರವಿತ್ತು. ನಡೆದು ಹೋಗುವಷ್ಟು ಹತ್ತಿರದ ಶಾಲೆಯೂ ಒಂದು ಶಾಲೆಯೇ ಎಂದು ನೆಂಟರೆಲ್ಲ ಮೂಗು ಮುರಿದರೆಂದು ಬಿಡಿಸಿದೆವು. ಎರಡನೆಯದರಲ್ಲಿ ಮಕ್ಕಳು ಆಟದ ಬಯಲಲ್ಲಿ ಕನ್ನಡ ಮಾತಾಡುತ್ತಾರೆಂದು ಬಿಡಿಸಿದೆವು. ಈಗಿನದಕ್ಕೆ ಆಟದ ಬಯಲೇ ಇಲ್ಲ. ನಾನೂ ನನ್ನ ಗಂಡನೂ ತಿಪಟೂರಿನಲ್ಲಿ ಕೆಲಸಕ್ಕೆ ಓಡುವವರು. ಬೆಳಿಗ್ಗೆ ಮೂವರೂ ನಿಂತುಕೊಂಡೇ ತಿನ್ನುತ್ತೇವೆ, ಒಬ್ಬರ ಮೇಲೊಬ್ಬರು ರೇಗಿಕೊಂಡೇ ಬಾಗಿಲು ಹಾಕುತ್ತೇವೆ. ಈ ಬದುಕು ನನಗೆ ಹೇಸಿಗೆ ಹುಟ್ಟಿಸಿ ಬಹಳ ಕಾಲವಾಯಿತು. ಆದರೆ ಡಬ್ಬಿಯ ಆ ನಾತ ನನಗೆ ಹೊಸದಲ್ಲ. ಮೊದಲ ಸಲ ಅದು ನನ್ನ ಮೂಗಿಗೆ ಬಿದ್ದದ್ದು ತೊಂಬತ್ತರ ದಶಕದಲ್ಲಿ, ನಮ್ಮ ಹಳ್ಳಿಗೆ ಕಾನ್ವೆಂಟಿನ ವ್ಯಾನು ಬಂದ ವರ್ಷ.

ನಮ್ಮದು ದಬ್ಬೇಘಟ್ಟದ ಕಡೆಯ ಹಳ್ಳಿ. ತೆಂಗಿನ ತೋಟದ ಮಗ್ಗುಲಲ್ಲೇ ಮನೆ ಇತ್ತು. ಈಗಿಲ್ಲ, ಪಾಲಾದ ಮೇಲೆ ಕೆಡವಿದರು, ಆ ಜಾಗದಲ್ಲಿ ಗುಲಾಬಿ ಬಣ್ಣ ಬಳಿದ ಎರಡು ತಾರಸಿ ಮನೆಗಳು ಒಂದಕ್ಕೊಂದು ಬೆನ್ನು ಹಾಕಿ ನಿಂತಿವೆ. ನಾನು ಹುಟ್ಟಿದ ಮನೆಗೆ ಅಟ್ಟವಿತ್ತು, ಅಟ್ಟದ ತುಂಬ ಕೊಬ್ಬರಿಗೆಂದು ಹಾಕಿದ ಕಾಯಿ ವರ್ಷಪೂರ್ತಿ ಒಣಗುತ್ತಿತ್ತು. ಕೆಳಗೆ ನಡುಮನೆಯ ಮೂಲೆಯಲ್ಲಿ ಅಜ್ಜಿ, ಅಂದರೆ ಅಪ್ಪನ ತಾಯಿ, ಸ್ನಾನ ಮುಗಿಸಿ ಒದ್ದೆ ಕೂದಲನ್ನು ಗಂಟು ಹಾಕಿಕೊಂಡು, ಕೊರಳ ಲಿಂಗವನ್ನು ಅಂಗೈಯಲ್ಲಿ ಹಿಡಿದು ಪೂಜೆಗೆ ಕೂರುತ್ತಿದ್ದಳು. ಆ ಪೂಜೆ ಮುಗಿಯುವವರೆಗೆ ರಾಗಿ ರೊಟ್ಟಿಗೆ ಯಾರೂ ಕೈ ಹಾಕುವಂತಿರಲಿಲ್ಲ. ಮುಗಿದ ಮೇಲೆ ನನ್ನನ್ನೂ ನನ್ನ ತಮ್ಮನನ್ನೂ ಕರೆದು, ವಿಭೂತಿಯನ್ನು ನೀರಲ್ಲಿ ಕಲಸಿ, ಮೂರು ಬೆರಳಿನಿಂದ ಹಣೆಗೆ ನಿಧಾನವಾಗಿ ಎಳೆಯುತ್ತಿದ್ದಳು. ಮೊದಲು ತಣ್ಣಗಿರುತ್ತಿತ್ತು, ಒಣಗುತ್ತಾ ಚರ್ಮವನ್ನು ಮೆಲ್ಲಗೆ ಬಿಗಿಯುತ್ತಿತ್ತು. ಆಮೇಲೆ ಅಪ್ಪ ತೋಟದಿಂದ ಬಂದು ಕಾಲು ತೊಳೆಯುತ್ತಿದ್ದ, ಎಲ್ಲರೂ ಒಟ್ಟಿಗೆ ಕೂತು ರೊಟ್ಟಿಯ ಮೇಲೆ ಬೆಣ್ಣೆ, ಮಗ್ಗುಲಲ್ಲಿ ಹುಚ್ಚೆಳ್ಳು ಚಟ್ನಿ ಇಟ್ಟುಕೊಂಡು ಉಣ್ಣುತ್ತಿದ್ದೆವು. ಊರ ಸರ್ಕಾರಿ ಶಾಲೆಯ ಗಂಟೆ ಮನೆಗೇ ಕೇಳುತ್ತಿತ್ತು. ಮೇಷ್ಟ್ರು ಬರುತ್ತಿದ್ದ ಬಸ್ಸು ತಡವಾದರೆ ಗಂಟೆಯೂ ತಡ. ಅವಸರ ಎಂಬುದನ್ನು ನಾವು ಹಬ್ಬದ ದಿನ ಬಿಟ್ಟರೆ ಕಂಡವರಲ್ಲ.

ಶಾಲೆ ಬದಲಿಸುವ ಹಟ ಅಮ್ಮನದು. ತಿಪಟೂರಿನಲ್ಲಿದ್ದ ಚಿಕ್ಕಮ್ಮನ ಮಕ್ಕಳು ಒಂದು ಮದುವೆ ಮನೆಯಲ್ಲಿ ಕೈ ತಿರುಗಿಸಿ ಇಂಗ್ಲಿಷ್ ಪದ್ಯ ಹೇಳಿದ್ದೇ ನೆಪ. ಆ ಬೇಸಿಗೆಯಲ್ಲೇ ನಮ್ಮಿಬ್ಬರನ್ನು ಪೇಟೆಯ ಕಾನ್ವೆಂಟಿಗೆ ಸೇರಿಸಿಯಾಯಿತು. ಏಳು ಗಂಟೆಗೆ ವ್ಯಾನು. ಅದರೊಳಗೆ ಡೀಸೆಲ್ಲು, ಬೆವರಿದ ಕಾಲುಚೀಲ, ಹಿಂದಿನ ದಿನ ಯಾರೋ ಮಾಡಿಕೊಂಡ ವಾಂತಿ ಎಲ್ಲ ಸೇರಿದ ವಾಸನೆ. ಮಧ್ಯಾಹ್ನ ಡಬ್ಬಿ ತೆರೆದರೆ ಬೆಳಗಿನ ಬಿಸಿಗೆ ಬೆವೆತು ಹುಳಿತ ಅನ್ನ. ಅಜ್ಜಿ ಕತ್ತಲಿರುವಾಗಲೇ ಎದ್ದು ತಣ್ಣೀರು ಸುರಿದುಕೊಂಡು ಪೂಜೆಯನ್ನೇ ವ್ಯಾನಿಗೆ ಮುಂಚೆ ಮುಗಿಸತೊಡಗಿದಳು. ನಿದ್ದೆಗಣ್ಣಿನ ನಮ್ಮ ಹಣೆಗೆ ಅದೇ ಮೂರು ಬೆರಳು, ಅದೇ ನಿಧಾನ. ಅಡುಗೆಮನೆಯಿಂದ ಅಮ್ಮ, "ಬೇಗ ಬೇಗ" ಅನ್ನುತ್ತಿದ್ದರೂ ಅಜ್ಜಿಯ ಬೆರಳಿಗೆ ಅದು ಕೇಳಿಸುತ್ತಿರಲಿಲ್ಲ.

ರಸ್ತೆಯ ಹುಣಸೆಮರದ ಹತ್ತಿರ ಬಂದ ಕೂಡಲೇ ಅಮ್ಮ ಸೆರಗಿನ ತುದಿಗೆ ಉಗುಳು ಹಚ್ಚಿಕೊಂಡು ಆ ವಿಭೂತಿಯನ್ನು ಉಜ್ಜಿ ತೆಗೆಯುತ್ತಿದ್ದಳು. ಒರೆಸಿ ಎಂದು ಶಾಲೆಯವರು ಯಾರೂ ಹೇಳಿರಲಿಲ್ಲ. "ಪ್ಯಾಟೆ ಮಕ್ಕಳ ಮಧ್ಯ ಹಳ್ಳಿ ಗುಗ್ಗು ಥರಾ ಕಾಣ್ತೀರ ಕಣೇ" ಅನ್ನುವುದು ಅವಳದೇ ತೀರ್ಮಾನ. ಉಗುಳಿನ ವಾಸನೆ ವ್ಯಾನಿನವರೆಗೂ ಹಣೆಯ ಮೇಲೇ ಇರುತ್ತಿತ್ತು. ಅಮ್ಮನನ್ನು ಎಷ್ಟು ಪ್ರೀತಿಸುತ್ತಿದ್ದೆನೋ ಆ ಗಳಿಗೆಯಲ್ಲಿ ಅಷ್ಟೇ ಅಸಹ್ಯ ಪಡುತ್ತಿದ್ದೆ. ಹೀಗೆ ಮಳೆಗಾಲವಿಡೀ ಅಜ್ಜಿ ಹಚ್ಚಿದಳು, ಅಮ್ಮ ಒರೆಸಿದಳು. ಒಂದು ದಿನ ನನ್ನ ತಮ್ಮ ಊಟದ ಡಬ್ಬಿಯನ್ನು ಜಗಲಿಯ ಮೇಲೇ ಬಿಟ್ಟು ಬಂದಿದ್ದ. ಅದನ್ನು ಹಿಡಿದುಕೊಂಡು, ಎಂದೂ ರಸ್ತೆಯವರೆಗೆ ಬಾರದ ಅಜ್ಜಿ ಏದುಸಿರು ಬಿಡುತ್ತಾ ಬಂದಳು. ಅಮ್ಮನ ಸೆರಗು ಇನ್ನೂ ನನ್ನ ಹಣೆಯ ಮೇಲಿತ್ತು.

ಅಮ್ಮ ಕೈ ತೆಗೆದಳು. ಅಜ್ಜಿ ಡಬ್ಬಿಯನ್ನು ತಮ್ಮನ ಬ್ಯಾಗಿಗೆ ಹಾಕಿ, ನನ್ನ ಹಣೆಯನ್ನು ಹತ್ತಿರದಿಂದ ನೋಡಿದಳು. "ಬ್ಯಾಡ ಅಂದಿದ್ರೆ ನಾನು ಹಚ್ತಾನೇ ಇರ್ಲಿಲ್ಲ ಕಣವ್ವ," ಅಂದಳು ಅಮ್ಮನಿಗೆ. "ಹಿಂಗೆ ಉಜ್ಜಿ ಉಜ್ಜಿ ಮಗೀನ ಹಣೆ ಕೆಂಪಗಾಗೈತೆ ನೋಡು." ಅಷ್ಟೇ ಹೇಳಿ ಹಿಂತಿರುಗಿ ಹೋದಳು. ಮರುದಿನದಿಂದ ಅವಳ ಪೂಜೆ ನಾವು ಹೊರಟ ಮೇಲೆ. ಜಗಳವಿಲ್ಲ, ಮುನಿಸಿಲ್ಲ, ಬೆಳಗಿನ ರೊಟ್ಟಿಯನ್ನು ನಾವಿಬ್ಬರೇ ಅಡುಗೆಮನೆಯ ಬಾಗಿಲಲ್ಲಿ ನಿಂತು ನುಂಗತೊಡಗಿದೆವು. ಅಪ್ಪ ಯಾವಾಗಲೋ ಬಂದು ಉಣ್ಣುತ್ತಿದ್ದ, ಅಮ್ಮ ಉಳಿದದ್ದನ್ನು ಒಲೆಯ ಮುಂದೆ ತಿನ್ನುತ್ತಿದ್ದಳು. ಒಂದು ಮನೆ ಒಡೆಯಲು ಪಾಲುಪಟ್ಟಿಯೇ ಆಗಬೇಕೆಂದು ಜನ ಅಂದುಕೊಂಡಿದ್ದಾರೆ.

ಚಳಿಗಾಲದಲ್ಲಿ ಕಾನ್ವೆಂಟಿನ ವಾರ್ಷಿಕೋತ್ಸವ ಬಂತು. ಅಮ್ಮ ಮದುವೆಯ ರೇಷ್ಮೆ ಸೀರೆ ಉಟ್ಟು, ನನ್ನ ಹಣೆಗೆ ಸಾಸಿವೆ ಕಾಳಿನಷ್ಟು ಸ್ಟಿಕ್ಕರ್ ಅಂಟಿಸಿ ಕರೆದುಕೊಂಡು ಹೋದಳು. ಶಾಲೆ ಕಟ್ಟಿಸಿದ ಕೊಬ್ಬರಿ ವ್ಯಾಪಾರಿ ವೇದಿಕೆ ಹತ್ತಿದರು. ಕೋಟು, ಟೈ, ಹೊಳೆಯುವ ಬೂಟು. ಹಣೆಯ ಈ ತುದಿಯಿಂದ ಆ ತುದಿಗೆ ಮೂರು ಪಟ್ಟೆ ವಿಭೂತಿ. ಅಚ್ಚ ಬಿಳಿ. ಇಂಗ್ಲಿಷ್ ಭಾಷಣ ಕೇಳಿ ಜನ ಚಪ್ಪಾಳೆ ತಟ್ಟಿದರು. ನಾನು ಅಮ್ಮನ ಕಡೆ ತಿರುಗಿದೆ. ಅವಳು ತಟ್ಟಲು ಎತ್ತಿದ ಕೈಗಳನ್ನು ಮಡಿಲಿಗೆ ಇಳಿಸಿಕೊಂಡು ತಲೆ ತಗ್ಗಿಸಿದ್ದಳು.

ಮರುದಿನ ನಮ್ಮನ್ನು ಎಂದಿಗಿಂತ ಮೊದಲೇ ಎಬ್ಬಿಸಿ, ಯೂನಿಫಾರಂ ಹಾಕಿಸಿ, ಹಿತ್ತಲಲ್ಲಿ ಕಣಗಿಲೆ ಬಿಡಿಸುತ್ತಿದ್ದ ಅಜ್ಜಿಯ ಮುಂದೆ ತಂದು ನಿಲ್ಲಿಸಿದಳು. "ಅತ್ತೆ, ಮಕ್ಕಳಿಗೆ ಈಬೂತಿ ಹಚ್ಚಿ. ಇನ್ಮೇಲೆ ಒರೆಸಾಕಿಲ್ಲ," ಅಂದಳು. ನನಗೋ ಸಂತೋಷ ಹೇಳತೀರದು. ಕಣ್ಣು ಮುಚ್ಚಿ ಹಣೆಯನ್ನು ಮುಂದಕ್ಕೆ ಚಾಚಿ ನಿಂತೆ. ಅಜ್ಜಿಯ ಬೆರಳು ಬಂತು, ಆದರೆ ಹಣೆಗಲ್ಲ. ಕೊರಳ ಹತ್ತಿರ ಸೊಟ್ಟಗಾಗಿದ್ದ ನನ್ನ ಟೈಯನ್ನು ಅವಳು ನೇರ ಮಾಡುತ್ತಿದ್ದಳು. "ನಂದಿನ್ನೂ ಪೂಜೆ ಆಗಿಲ್ಲ ಕಣವ್ವ. ಕಾಯ್ತಾ ಕುಂತ್ರೆ ವ್ಯಾನು ಹೊಂಟೋಯ್ತದೆ. ಓಡ್ರಿ, ಓಡ್ರಿ." ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಅತ್ತು ರಂಪ ಮಾಡಿ ಹಚ್ಚಿಸಿಕೊಳ್ಳುತ್ತಿದ್ದೆ. ತಮ್ಮನ ಕೈ ಹಿಡಿದು ಓಡಿದೆ. ಆ ಮನೆಯಲ್ಲಿ ಅಲ್ಲಿಯವರೆಗೆ ನಮಗೆ ಓಡು ಅನ್ನದೇ ಉಳಿದಿದ್ದವಳು ಅವಳೊಬ್ಬಳೇ.